ಇಪ್ಪತ್ತೇಳನೇ ನಂಬರಿನ ಜೆರ್ಸಿ

ಚೆಂಡನ್ನು ಕೈಯಲ್ಲೂ ಹಿಡಿದು ಆಡುವ ನಮ್ಮ ಆಸ್ಟ್ರೇಲಿಯಾದ ಫುಟ್‌ಬಾಲ್ ಇದೆಯಲ್ಲ, ಅದರ ಟಾಸ್ಮೇನಿಯಾ ರಾಜ್ಯ ತಂಡದ ಚರಿತ್ರೆ ಎಂದು ಆಟದ ಸಮಿತಿಯವರು ಹೋದ ವರ್ಷ ಒಂದು ದಪ್ಪ ಪುಸ್ತಕ ತಂದರು. ಯಾರು ಯಾವ ವರ್ಷ ಎಷ್ಟು ಗೋಲು ಹೊಡೆದರು, ಯಾರಿಗೆ ಪದಕ ಬಂತು, ಪಕ್ಕದ ವಿಕ್ಟೋರಿಯಾ ರಾಜ್ಯದವರಿಂದ ನಾವು ಎಷ್ಟು ಸಲ ಒದೆ ತಿಂದೆವು, ಎಲ್ಲ ಅದರಲ್ಲಿದೆ. ಮೈದಾನದ ಬಾಗಿಲಲ್ಲಿ ಮಾಂಸದ ಪೈ ಮಾರುತ್ತಿದ್ದವನ ಫೋಟೊ ಕೂಡ ಇದೆ. ನನ್ನ ಅತ್ತಿಗೆ ಹಿಲ್ಡಾ ಟ್ರಿಫಿಟ್ ಬಗ್ಗೆ ಇರುವುದು ಅರ್ಧ ಸಾಲು. ಅದರಲ್ಲೂ ಹೆಸರಿಲ್ಲ, 'ಬಟ್ಟೆ ಒಗೆಯುವಾಕೆಯ ಎಡವಟ್ಟಿನಿಂದಾಗಿ' ಎಂದಷ್ಟೇ ಇದೆ. ಆ ಅರ್ಧ ಸಾಲೂ ಸುಳ್ಳು. ಅದಕ್ಕೇ ಮಿಕ್ಕ ಸಾಲುಗಳನ್ನು ನಾನು ಬರೆಯುತ್ತಿದ್ದೇನೆ. ಎನಿಡ್‌ಗೆ, ಅಂದರೆ ನನಗೆ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರು ಹೇಳುತ್ತಾರೆ. ಇರಲಿ. ಈ ವಿಷಯದಲ್ಲಿ ಅದು ಇರಬೇಕಾದ ಜಾಗದಲ್ಲೇ ಇದೆ.

ಹಿಲ್ಡಾ ನನ್ನ ಅಣ್ಣನ ಹೆಂಡತಿ. ಹೋಬಾರ್ಟಿನ ಬೆಟ್ಟದ ಬುಡದಲ್ಲಿ ನಮ್ಮೆರಡು ಮನೆಗಳಿಗೂ ಸೇರಿ ಒಂದೇ ಹಿತ್ತಲು, ಹಿತ್ತಲಲ್ಲಿ ಒಂದು ತಾಮ್ರದ ಹಂಡೆ, ಎರಡು ಉದ್ದನೆಯ ತಂತಿ. ಒಂದು ಚಳಿಗಾಲದಲ್ಲಿ ರಾಜ್ಯ ತಂಡದ ಸಾಮಾನು ನೋಡಿಕೊಳ್ಳುತ್ತಿದ್ದ ಲೆನ್ ಪೈಬಸ್ ಬಂದು, "ಈ ವಾರ ಒಂದ್ಸಲ ಒಗೆದು ಕೊಡಮ್ಮ, ಮುಂದಿನ ಸಲಕ್ಕೆ ಬೇರೆ ಯಾರನ್ನಾದ್ರೂ ನೋಡ್ತೀವಿ" ಎಂದು ಎರಡು ಮೂಟೆ ಜೆರ್ಸಿ ಇಳಿಸಿ ಹೋದ. ಆ ಬೇರೆ ಯಾರೋ ಇಪ್ಪತ್ತೆರಡು ವರ್ಷ ಬರಲೇ ಇಲ್ಲ. ಇದಕ್ಕೆ ಸಂಬಳ ಗಿಂಬಳ ಏನೂ ಇರಲಿಲ್ಲ. ವರ್ಷದ ಕೊನೆಗೆ ಒಂದು ಡಬ್ಬಿ ಬಿಸ್ಕತ್ತು ಬರುತ್ತಿತ್ತು. ಅದರಲ್ಲೂ ಒಂದು ವರ್ಷ ಅರ್ಧ ಪುಡಿಯಾಗಿತ್ತು.

ಉಣ್ಣೆಯ ಜೆರ್ಸಿ ಒಗೆಯುವುದು ಸುಲಭವಲ್ಲ. ಬಿಸಿನೀರಿಗೆ ಹಾಕಿದಿರೋ, ಆರಡಿ ಆಳಿನ ಜೆರ್ಸಿ ಮೊಮ್ಮಗನ ಮೈಗೆ ಸರಿಹೋಗುತ್ತದೆ. ಕೆಸರನ್ನು ಒದ್ದೆಯಾಗಿದ್ದಾಗ ಉಜ್ಜಬಾರದು, ಒಣಗಿಸಿ ಕೊಡವಬೇಕು. ರಕ್ತಕ್ಕೆ ತಣ್ಣೀರು, ಉಪ್ಪು. ಹಸಿರು ಜೆರ್ಸಿಯ ಎದೆಯ ಮೇಲೆ ನಮ್ಮ ದ್ವೀಪದ ನಕ್ಷೆ ಇತ್ತು. ಅದರ ಕೆಂಪು ಬಣ್ಣ ಹಸಿರಿಗೆ ಹತ್ತದ ಹಾಗೆ ಒಣಗಿಸುವುದು ಹಿಲ್ಡಾಗೆ ಮಾತ್ರ ಗೊತ್ತಿತ್ತು. ಬೆನ್ನಿನ ನಂಬರುಗಳನ್ನು ಬಿಳಿ ಬಟ್ಟೆಯಲ್ಲಿ ಕತ್ತರಿಸಿ, ಎರಡೆಳೆ ದಾರದಲ್ಲಿ ಹೊಲಿಯುತ್ತಿದ್ದವಳೂ ಅವಳೇ. ಪಂದ್ಯದ ದಿನ ನಾವಿಬ್ಬರೂ ಬದಲಿ ಜೆರ್ಸಿಗಳ ಗಂಟು ಹಿಡಿದು ಆಟಗಾರರ ಕೋಣೆಯ ಹಿಂದಿನ ಕಿಂಡಿಯ ಹತ್ತಿರ ನಿಲ್ಲಬೇಕಿತ್ತು. ಒಳಗೆ ಹೆಂಗಸರಿಗೆ ಪ್ರವೇಶವಿಲ್ಲ. ಅವರ ಬೆವರು, ರಕ್ತ, ಕೆಸರನ್ನೆಲ್ಲ ನಾವು ತೊಳೆಯಬಹುದು, ಹೊಸ್ತಿಲು ಮಾತ್ರ ದಾಟಬಾರದು!

ಅರವತ್ತರ ದಶಕದ ಒಂದು ಜೂನ್ ತಿಂಗಳಲ್ಲಿ ವಿಕ್ಟೋರಿಯಾದವರು ಆಡಲು ಬಂದರು. ಅವರು ಬರುವುದೆಂದರೆ ದೊಡ್ಡಮನೆಯವರು ಬಡ ನೆಂಟರ ಮನೆಗೆ ಬಂದ ಹಾಗೆ. ನಮ್ಮಲ್ಲಿ ಚೆನ್ನಾಗಿ ಆಡುವ ಹುಡುಗರನ್ನೆಲ್ಲ ಅವರ ಕ್ಲಬ್ಬುಗಳು ಎತ್ತಿಕೊಂಡು ಹೋಗುತ್ತಿದ್ದವು. ಆಮೇಲೆ ಅದೇ ಹುಡುಗರಿಗೆ ವಿಕ್ಟೋರಿಯಾದ ನೀಲಿ ಜೆರ್ಸಿ ತೊಡಿಸಿ ನಮ್ಮ ಮೇಲೇ ಆಡಿಸುತ್ತಿದ್ದರು. ಹುಟ್ಟಿದ ರಾಜ್ಯಕ್ಕೇ ಆಡಬೇಕೆಂಬ ನಿಯಮ ಬಂದದ್ದು ಎಷ್ಟೋ ವರ್ಷ ಕಳೆದ ಮೇಲೆ, ಅದೂ ಪಶ್ಚಿಮ ಆಸ್ಟ್ರೇಲಿಯಾದವರು ಜಗಳ ತೆಗೆದ ಮೇಲೆ. ಆ ದಿನವೂ ಅವರ ಕಡೆ ನಮ್ಮೂರಿನ ಇಬ್ಬರಿದ್ದರು. ಒಬ್ಬನ ತಾಯಿ ನನ್ನ ಪಕ್ಕದಲ್ಲೇ ನಿಂತು, ಯಾರಿಗೆ ಚಪ್ಪಾಳೆ ತಟ್ಟಬೇಕೆಂದು ತಿಳಿಯದೆ ಕೈಚೀಲವನ್ನು ಅವುಚಿಕೊಂಡಿದ್ದಳು.

ನಮ್ಮ ತಂಡದಲ್ಲಿ ಹದಿನಾಲ್ಕನೇ ನಂಬರಿನವನು ಕ್ಲೆಮ್ ಬೆಸೆಲ್. ಕ್ವೀನ್ಸ್‌ಟೌನಿನ ತಾಮ್ರದ ಗಣಿಯಲ್ಲಿ ಕೆಲಸ, ವಯಸ್ಸು ಇಪ್ಪತ್ನಾಲ್ಕು. ಆ ಊರಿನ ಮೈದಾನದಲ್ಲಿ ಹುಲ್ಲಿಲ್ಲ, ಬರೀ ಜಲ್ಲಿಕಲ್ಲು. ಅಲ್ಲಿ ಬಿದ್ದು ಎದ್ದು ಕಲಿತವನಿಗೆ ಹೋಬಾರ್ಟಿನ ಕೆಸರು ಹಾಸಿಗೆಯಂತೆ ಕಾಣುತ್ತಿತ್ತು. ಆಟದ ನಾಲ್ಕು ಭಾಗಗಳಲ್ಲಿ ಎರಡನೆಯದು ಮುಗಿಯುವ ಹೊತ್ತಿಗೆ ವಿಕ್ಟೋರಿಯಾದವನೊಬ್ಬ ಹಿಂದಿನಿಂದ ಹಿಡಿದೆಳೆದು ಅವನ ಜೆರ್ಸಿಯನ್ನು ಕುತ್ತಿಗೆಯಿಂದ ಸೊಂಟದವರೆಗೆ ಹರಿದುಬಿಟ್ಟ. ವಿರಾಮದಲ್ಲಿ ಪೈಬಸ್ ಕಿಂಡಿಗೆ ಬಂದು ಹರಿದದ್ದನ್ನು ಹೊರಗೆಸೆದ.

"ಬೆಸೆಲ್‌ಗೆ ಇನ್ನೊಂದು ಕೊಡು, ಬೇಗ!"

ನಮ್ಮ ಗಂಟಿನಲ್ಲಿ ಅವನ ಭುಜಕ್ಕೆ ಹಿಡಿಸುವಂಥದ್ದು ಇದ್ದದ್ದು ಒಂದೇ, ಇಪ್ಪತ್ತೇಳು. ಹಿಲ್ಡಾ ಅದನ್ನು ಕೊಟ್ಟಳು. ಜೊತೆಗೆ ಪೆನ್ಸಿಲ್ ತೆಗೆದು ಒಂದು ಚೀಟಿಯನ್ನೂ ಬರೆದಳು: 'ಹದಿನಾಲ್ಕು ಬೆಸೆಲ್ ಇನ್ನು ಮುಂದೆ ಇಪ್ಪತ್ತೇಳು.' ನಡುವೆ ಜೆರ್ಸಿ ಬದಲಾದರೆ ಆಟ ಮತ್ತೆ ಶುರುವಾಗುವ ಮೊದಲು ಇಂಥ ಚೀಟಿ ಅಂಪೈರ್ ಕೋಣೆಗೆ ಹೋಗಬೇಕು. ಅದನ್ನು ಒಯ್ಯುವುದು ಪೈಬಸ್‌ನ ಕೆಲಸ. ಹಿಲ್ಡಾ ಒಯ್ಯುವ ಹಾಗಿರಲಿಲ್ಲ, ಹೊಸ್ತಿಲಿತ್ತಲ್ಲ.

"ಲೆನ್, ಇದನ್ನ ಈಗ್ಲೇ ಕೊಟ್ಬಿಡಿ. ಆ ಅಂಪೈರ್ ಪರ್ತ್‌ನೋನು, ನಮ್ಮ ಹುಡುಗ್ರ ಮುಖ ಗೊತ್ತಿಲ್ಲ ಅವನಿಗೆ."

"ನನಗೇ ಕೆಲಸ ಹೇಳ್ಕೊಡ್ತೀಯೇನಮ್ಮ?" ಎಂದು ನಕ್ಕು ಪೈಬಸ್ ಚೀಟಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡ. ನಾನು ಕಣ್ಣಾರೆ ಕಂಡಿದ್ದೇನೆ. ಅಲ್ಲಿಂದ ಅವನು ನೇರವಾಗಿ ಹೋದದ್ದು ವಿಕ್ಟೋರಿಯಾದ ಅಧಿಕಾರಿಗಳು ವಿಸ್ಕಿ ಕುಡಿಯುತ್ತಿದ್ದ ಕೋಣೆಗೆ. ಅದನ್ನೂ ಕಂಡಿದ್ದೇನೆ.

ವಿರಾಮದ ನಂತರ ಕ್ಲೆಮ್ ಆಡಿದ ಆಟವನ್ನು ನೋಡಿದವರು ಇವತ್ತಿಗೂ ಮರೆತಿಲ್ಲ. ಮೂರು ಜನರ ಹೆಗಲ ಮೇಲಿಂದ ಹಾರಿ ಚೆಂಡು ಹಿಡಿದ, ಕಿವಿಯಿಂದ ರಕ್ತ ಸುರಿಯುತ್ತಿದ್ದರೂ ನಾಲ್ಕು ಗೋಲು ಒದ್ದ. ಒಂದು ಗೋಲಿಗೇ ಆರು ಅಂಕ, ನಾವು ಎಂಟೇ ಅಂಕಗಳಿಂದ ಸೋತೆವು. ವಿಕ್ಟೋರಿಯಾದವರ ಮುಖದಲ್ಲಿ ಬೆವರು ಕಂಡದ್ದೇ ನಮಗೆ ಗೆದ್ದಷ್ಟು ಸಂತೋಷ.

ಪಂದ್ಯ ಮುಗಿದ ಮೇಲೆ ಅಂಪೈರ್ ಕೊಟ್ಟ ಲಕೋಟೆ ಒಡೆಯುತ್ತಾರೆ. ನಮ್ಮವರಲ್ಲಿ ಚೆನ್ನಾಗಿ ಆಡಿದ ಮೂವರಿಗೆ ಅವನು ಮೂರು, ಎರಡು, ಒಂದು ಎಂದು ಮತ ಬರೆದಿರುತ್ತಾನೆ. ಹೆಚ್ಚು ಮತ ಬಂದವನಿಗೆ ಪದಕ. ಅಂದು ಆ ಕಾಗದದಲ್ಲಿ ಇದ್ದದ್ದು ಇಷ್ಟು: ಇಪ್ಪತ್ತೇಳಕ್ಕೆ ಮೂರು, ಒಂಬತ್ತಕ್ಕೆ ಎರಡು, ಹದಿನಾಲ್ಕಕ್ಕೆ ಒಂದು. ಲೆಕ್ಕ ಬರುವ ಯಾರಿಗಾದರೂ ಇದು ಅರ್ಥವಾಗಬೇಕು. ಒಬ್ಬನೇ ಮನುಷ್ಯನಿಗೆ ಎರಡು ನಂಬರಿನಲ್ಲಿ ನಾಲ್ಕು ಮತ ಬಂದಿದೆ! ಸಮಿತಿಗೆ ಅರ್ಥವಾಗಲಿಲ್ಲ. ಆಟಗಾರರ ಪಟ್ಟಿಯಲ್ಲಿ ಇಪ್ಪತ್ತೇಳು ಇಲ್ಲ, ಜೆರ್ಸಿ ಬದಲಾದ ಬಗ್ಗೆ ಅಂಪೈರಿಗೆ ಸೂಚನೆ ಹೋಗಿಲ್ಲ, ಆದ್ದರಿಂದ ಆ ಮೂರು ಮತ ಅಸಿಂಧು ಎಂದರು. ಪದಕ ಒಂಬತ್ತನೇ ನಂಬರಿನವನ ಕೊರಳಿಗೆ ಬಿತ್ತು. ಸೂಚನೆ ಯಾಕೆ ಹೋಗಲಿಲ್ಲ ಎಂದು ಯಾರೋ ಕೇಳಿದಾಗ ಪೈಬಸ್ ಕೊಟ್ಟ ಉತ್ತರ: "ಒಗೆಯೋಳು ಯಾವುದೋ ಜೆರ್ಸಿ ಕೊಟ್ಬಿಟ್ಟಿದಾಳೆ ಸ್ವಾಮಿ, ನನಗೆ ಹೇಳ್ಲೇ ಇಲ್ಲ."

ಸೋಮವಾರದ ಪತ್ರಿಕೆಯಲ್ಲೂ ಅದೇ ಬಂತು. ನಾನು ಪತ್ರಿಕೆ ಹಿಡಿದು ಹಿತ್ತಲಿಗೆ ಓಡಿದಾಗ ಹಿಲ್ಡಾ ಅದೇ ಜೆರ್ಸಿಗಳ ಕೆಸರು ಕೊಡವುತ್ತಿದ್ದಳು.

"ಬಿಸಾಕು ಅತ್ತಿಗೆ ಅದನ್ನ! ಆ ಪೈಬಸ್ಸೇ ಬಂದು ಒಗೀಲಿ!"

"ಜೆರ್ಸಿ ಏನೇ ತಪ್ಪು ಮಾಡಿದೆ? ಅತ್ಲಾಗೆ ಸರಿ, ಬಿಸಿಲಿಗೆ ಅಡ್ಡ ನಿಂತಿದೀಯ."

ಅವಳು ಸುಮ್ಮನಿದ್ದವಳಲ್ಲ. ಸಮಿತಿಯ ಮುಂದೆ ಹೋಗಿ ಚೀಟಿಯ ವಿಷಯ ಹೇಳಿದಳು. ನಾನೂ ಸಾಕ್ಷಿ ಹೇಳಿದೆ. ನಾದಿನಿ ಅತ್ತಿಗೆಯ ಪರ ಹೇಳದೆ ಇನ್ನೇನು ಹೇಳುತ್ತಾಳೆ ಎಂದು ನಕ್ಕರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುವುದು ಇದಕ್ಕೇ. ಅಂಗಡಿಗೆ ಹೋದರೆ, "ಏನ್ ಹಿಲ್ಡಾ, ಇವತ್ತು ಸರಿಯಾದ ಚೀಲ ತಂದಿದೀಯಾ?" ಎಂದು ಕಟುಕನೂ ಗೇಲಿ ಮಾಡುತ್ತಿದ್ದ. ನಾನಾಗಿದ್ದರೆ ಅವನ ಮಾಂಸವನ್ನು ಅವನ ಮುಖಕ್ಕೇ ಎಸೆಯುತ್ತಿದ್ದೆ. ಹಿಲ್ಡಾ, "ತಂದಿದೀನಪ್ಪ, ಎರಡು ಪೌಂಡ್ ಹಾಕು" ಎಂದು ಸುಮ್ಮನೆ ಬರುತ್ತಿದ್ದಳು. ಜನ ಏನಾದರೂ ಅಂದುಕೊಳ್ಳಲಿ, ಆ ಹುಡುಗನ ಪದಕ ಅವನಿಗೆ ಸಿಗಬೇಕು ಎನ್ನುವುದೊಂದೇ ಅವಳ ಹಟ. ಪ್ರತಿ ವರ್ಷ ಸಮಿತಿಯ ಸಭೆಗೆ ಮುಂಚೆ ಒಂದು ಪತ್ರ ಬರೆಯುತ್ತಿದ್ದಳು. 'ಪತ್ರ ತಲುಪಿದೆ' ಎಂದು ಪ್ರತಿ ವರ್ಷ ಉತ್ತರ ಬರುತ್ತಿತ್ತು. ಕ್ರಿಸ್‌ಮಸ್‌ಗೆ ಕ್ಲೆಮ್‌ಗೂ ಒಂದು ಕಾರ್ಡು ಹೋಗುತ್ತಿತ್ತು. 'ಆ ತಪ್ಪು ಸರಿಯಾಗುವವರೆಗೆ ನನಗೆ ನೆಮ್ಮದಿಯಿಲ್ಲ ಕ್ಲೆಮ್' ಎಂದು ಬರೆಯುತ್ತಿದ್ದಳು. ಅವನೂ ಮರುಕಾರ್ಡು ಹಾಕುತ್ತಿದ್ದ, ಹೆಂಡತಿ ಮಕ್ಕಳ ಕ್ಷೇಮ ತಿಳಿಸುತ್ತಿದ್ದ.

ಹೀಗೆ ಮೂವತ್ತೊಂದು ವರ್ಷ ಕಳೆಯಿತು. ಅಣ್ಣ ತೀರಿಕೊಂಡ. ಪೈಬಸ್ ಸಮಿತಿಯ ಅಧ್ಯಕ್ಷನಾಗಿ, ಆಮೇಲೆ ಮಹಾಪೋಷಕನಾದ. ರಾಜ್ಯ ರಾಜ್ಯಗಳ ನಡುವಿನ ಆಟವೇ ನಿಂತುಹೋಯಿತು, ಎಲ್ಲ ದೊಡ್ಡ ಕ್ಲಬ್ಬುಗಳ ಪಾಲಾಯಿತು. ಆಟ ಸತ್ತ ಮೇಲೆ ಸಮಿತಿಗೆ ಅದರ ಚರಿತ್ರೆಯ ಮೇಲೆ ಪ್ರೀತಿ ಉಕ್ಕಿತು. ಬೇರೆ ರಾಜ್ಯಗಳಲ್ಲಿ ಹಿಂದೆ ಪದಕ ತಪ್ಪಿದವರನ್ನು ಕರೆದು ಕೊಡುತ್ತಿದ್ದಾರೆಂದು ಕೇಳಿ, ಹೊಸ ಅಧ್ಯಕ್ಷ ಹಳೆಯ ಕಡತ ತೆಗೆಸಿದ. ಕ್ಲೆಮ್‌ಗೆ ಪದಕ ಕೊಡುವುದೆಂದು ತೀರ್ಮಾನವಾಯಿತು. ಒಂದು ಭಾನುವಾರ ಮಧ್ಯಾಹ್ನದ ಊಟಕ್ಕೆ ನಮಗೂ ಕರೆ ಬಂತು. ಹಿಲ್ಡಾ ಹೊಸ ನೀಲಿ ಕೋಟು ಹೊಲಿದುಕೊಂಡಳು. ಎಪ್ಪತ್ತು ದಾಟಿದವಳು ಕನ್ನಡಿಯ ಮುಂದೆ ನಿಂತು, "ಎನಿಡ್, ಕಾಲರ್ ಸರಿ ಕೂತಿದ್ಯೇನೆ?" ಎಂದು ನಾಲ್ಕು ಸಲ ಕೇಳಿದಳು.

ನಮ್ಮನ್ನು ಅಡುಗೆಮನೆಯ ಬಾಗಿಲ ಪಕ್ಕದ ಮೇಜಿಗೆ ಕೂರಿಸಿದರು. ವೇದಿಕೆಯ ಮೇಲಿನ ಮೇಜಿನ ನಡುವೆ ಪೈಬಸ್ ಕೂತಿದ್ದ. ಹುರಿದ ಕುರಿಮಾಂಸ ಬಂತು, ಕುಂಬಳಕಾಯಿ ಬಂತು, ಭಾಷಣಗಳು ಬಂದವು. ಕೊನೆಗೆ ಕ್ಲೆಮ್‌ನನ್ನು ಕರೆದರು. ಗಣಿಯ ಧೂಳು ಎದೆಗೆ ಇಳಿದು ಕೆಮ್ಮುತ್ತಿದ್ದ, ಆದರೂ ನೆಟ್ಟಗೆ ನಡೆದು ಬಂದ. ಪದಕ ಕೊರಳಿಗೆ ಹಾಕಿದಾಗ ಹಿಲ್ಡಾ ನನ್ನ ಕೈ ಹಿಡಿದುಕೊಂಡಳು. ಕ್ಲೆಮ್ ಮೈಕಿನ ಮುಂದೆ ನಿಂತ.

"ನಂಗೆ ಭಾಷಣ ಬರಲ್ಲ. ಒಬ್ರಿಗೆ ಮಾತ್ರ ಒಂದ್ ಮಾತು ಹೇಳ್ಬೇಕು. ಹಿಲ್ಡಕ್ಕ ಅಲ್ಲಿ ಹಿಂದೆ ಕೂತಿದಾರೆ. ತಪ್ಪು ಯಾರು ಮಾಡಲ್ಲ ಹೇಳಿ? ಅವಸರದಲ್ಲಿ ಯಾವುದೋ ಜೆರ್ಸಿ ಕೈಗೆ ಸಿಕ್ತು, ಕೊಟ್ಬಿಟ್ರು. ಪಾಪ, ಅದೇ ಕೊರಗಲ್ಲಿ ಮೂವತ್ತೊಂದು ವರ್ಷ ನಂಗೆ ಕಾರ್ಡ್ ಬರೆದ್ರು. ಅಕ್ಕ, ನಾನು ನಿಮ್ಮನ್ನ ಅವತ್ತೇ ಕ್ಷಮಿಸಿದೀನಿ. ಇನ್ನಾದ್ರೂ ಅದನ್ನ ಮನಸ್ಸಿಂದ ತೆಗೆದಾಕಿ."

ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಪೈಬಸ್. ಥೂ, ಆ ಕೈಗಳಿಗೆ ನಾಚಿಕೆಯಾಗಬೇಕಿತ್ತು! ಹಿಲ್ಡಾ ನನ್ನ ಕೈ ಬಿಟ್ಟಳು. ಚಪ್ಪಾಳೆ ಪೂರ್ತಿ ನಿಲ್ಲುವವರೆಗೂ ಕಾದು, ಎದ್ದು ನಿಂತಳು.

"ಕ್ಲೆಮ್, ನಾನು ನಿನ್ನ ಕ್ಷಮೆ ಯಾವತ್ತಪ್ಪ ಕೇಳಿದೆ?"

ಅವನು ಗಲಿಬಿಲಿಗೊಂಡ. "ಅದು... ಕಾರ್ಡಲ್ಲಿ..."

"ಆ ಜೆರ್ಸಿ ತಪ್ಪಲ್ಲ ಕಣೋ. ನಿನ್ನ ಭುಜಕ್ಕೆ ಆಗೋದು ಅದೊಂದೇ ಇತ್ತು. ನಂಬರ್ ಬದಲಾಗಿದೆ ಅಂತ ಚೀಟಿ ಬರೆದು ಲೆನ್ ಪೈಬಸ್ ಕೈಗೆ ಕೊಟ್ಟೆ. ಅವರು ಅದನ್ನ ಅಂಪೈರಿಗೆ ಕೊಡ್ಲಿಲ್ಲ. ತಪ್ಪು ಅಂತ ನಾನು ಬರೀತಿದ್ದಿದ್ದು ಅದನ್ನ."

ಪೈಬಸ್ ನಗಲು ನೋಡಿದ. "ಯಾವ ಕಾಲದ ಮಾತಮ್ಮ ಅದು. ನನಗೆ ನೆನಪಿಲ್ಲ."

"ಚೀಟಿ ನೆನಪಿಲ್ಲ, ಅವಳ ತಪ್ಪು ಮಾತ್ರ ನೆನಪಿದೆಯೇನ್ರೀ?" ಎಂದು ನಾನು ಕೂತಲ್ಲಿಂದಲೇ ಕೂಗಿದೆ. ಅಧ್ಯಕ್ಷ ಗಡಿಬಿಡಿಯಲ್ಲಿ ಮೈಕ್ ಎಳೆದುಕೊಂಡು, ಇದನ್ನು ಪರಿಶೀಲಿಸೋಣ, ಈಗ ಎಲ್ಲರೂ ಸಿಹಿ ತೆಗೆದುಕೊಳ್ಳಿ ಎಂದ. ಪರಿಶೀಲನೆಯ ಫಲ ಆ ಪುಸ್ತಕದ ಅರ್ಧ ಸಾಲಿನಲ್ಲಿದೆ, ಬೇಕಾದವರು ನೋಡಿಕೊಳ್ಳಬಹುದು.

ಕ್ಲೆಮ್ ವೇದಿಕೆಯಿಂದ ಇಳಿದು ನಮ್ಮ ಮೇಜಿಗೆ ಬಂದ. ಪದಕವನ್ನು ಕೊರಳಿಂದ ತೆಗೆದು ಅವಳ ಮುಂದಿಟ್ಟ.

"ತಗೊಂಡು ಕೊರಳಿಗೆ ಹಾಕ್ಕೋ, ಅದು ನಿಂದು. ಅದಕ್ಕೇ ಅಲ್ವಾ ಇಷ್ಟು ವರ್ಷ ಬಡ್ಕೊಂಡಿದ್ದು" ಎಂದಳು ಹಿಲ್ಡಾ.

"ಅಕ್ಕ, ಒಂದೇ ಒಂದ್ಸಲ ನಂಗೆ ಹೇಳ್ಬಾರ್ದಿತ್ತಾ, ಅದು ನಿಮ್ಮ ತಪ್ಪಲ್ಲ ಅಂತ?"

"ನೀನು ಒಂದೇ ಒಂದ್ಸಲ ಕೇಳ್ಬಾರ್ದಿತ್ತಾ?"

ಅವನಿಗೆ ಕೆಮ್ಮು ಬಂತು. ಹಿಲ್ಡಾ ಅವನಿಗೆ ಕುಡಿಯಲು ನೀರು ಕೊಟ್ಟು, ನಿಲ್ಲುವವರೆಗೂ ಬೆನ್ನು ಸವರಿದಳು. ಆಮೇಲೆ ಕೋಟಿನ ಗುಂಡಿ ಹಾಕಿಕೊಂಡು ಹೊರಟಳು. ನಾನೂ ಅವಳ ಹಿಂದೆ ಬಂದೆ.

ಬಸ್ ನಿಲ್ದಾಣದವರೆಗೂ ನಾನು ದಾರಿಯುದ್ದಕ್ಕೂ ಪೈಬಸ್‌ನನ್ನು ಬೈಯುತ್ತಲೇ ಇದ್ದೆ, ಸಮಿತಿಯನ್ನು ಬೈದೆ, ಪತ್ರಿಕೆಯವರನ್ನು ಬೈದೆ. ಅವಳು ಬೆಂಚಿನ ಮೇಲೆ ಕೂತಳು.

"ಅವರನ್ನ ಬಿಡೆ, ಅವರು ಹಂಗೇ. ಅವರು ಏನಂದ್ರೂ ನಂಗೆ ನೋವಾಗ್ತಿರ್ಲಿಲ್ಲ" ಎಂದಳು. "ಕ್ಲೆಮ್ ಒಬ್ಬ ನನ್ನ ನಂಬಿದಾನೆ ಅಂದ್ಕೊಂಡಿದ್ದೆ, ಎನಿಡ್."