ಬಾಲ್ದಿಯಲ್ಲಿ ಬಂದ ತಾಟೆ

ಹಮೀದಾಕನ ಮನೆಗೆ ಹಗಲು ಹೋದವರು ಚಪ್ಪಲಿಯ ಜೊತೆ ಗಂಟಲನ್ನೂ ಹೊರಗೆ ಬಿಟ್ಟು ಬರಬೇಕಿತ್ತು. ಮೆಲ್ಕಾರಿನಲ್ಲಿ ನನ್ನ ತವರಿನ ಪಕ್ಕದ ಮನೆ ಅವರದು. ಚಾವಡಿಯ ಗೋಡೆಯುದ್ದಕ್ಕೂ ಗಾಜಿನ ತೊಟ್ಟಿ, ಅದರ ತಳದ ಮರಳಿನಲ್ಲಿ ಮೊಳಕ್ಕೆ ಮಿಕ್ಕಿದ ಎರಡು ಶಾರ್ಕ್‌ಗಳು. ನಮ್ಮ ಕಡೆ ತಾಟೆ ಎನ್ನುವ ಮೀನಿನದೇ ಸಣ್ಣ ಜಾತಿ. ಹಗಲೆಲ್ಲ ಮಲಗುವುದು, ಕತ್ತಲಾದ ಮೇಲೆ ಎದ್ದು ತಳದಲ್ಲೇ ತೆವಳುವುದು ಅವುಗಳ ದಿನಚರಿ. "ರಾತ್ರಿ ಪಾಳಿಯವರು, ಎಬ್ಬಿಸಬೇಡಿ," ಎಂದು ಹಮೀದಾಕ ಪಿಸುಗುಟ್ಟುತ್ತಿದ್ದರು.

ದುಬೈಯಲ್ಲಿ ಇಂಥ ತೊಟ್ಟಿಗಳ ಅಂಗಡಿಯಲ್ಲಿ ದುಡಿದು ಬಂದವರು ಅವರು. ಬೇರೆಯವರು ಚಿನ್ನ ತಂದರೆ ಇವರು ಈ ಹುಚ್ಚು ತಂದರು ಎಂದು ಹೆಂಡತಿ ಆಯಿಶಮ್ಮ ನಗುತ್ತಿದ್ದರು. ನೇತ್ರಾವತಿಯ ನೀರು ಕುಡಿಯುವ ಊರಿನಲ್ಲಿ ಕೂತು ಉಪ್ಪುನೀರು ಕಲಸುವುದು, ಬೊಂಡಾಸ್ ಮೀನು ಹೆಚ್ಚಿ ಕೈಯಾರೆ ತಿನ್ನಿಸುವುದು. ತಾಟೆ ತಿನ್ನುವುದನ್ನಂತೂ ಬಿಟ್ಟೇಬಿಟ್ಟಿದ್ದರು. ಕೇಳಿದರೆ, "ಮನೆಯವರನ್ನು ತಿನ್ಲಿಕ್ಕೆ ಉಂಟಾ?" ಎನ್ನುತ್ತಿದ್ದರು.

ನಾನು ಬಾಣಂತಿಯಾಗಿ ತವರಿನಲ್ಲಿದ್ದದ್ದು ಆಷಾಢದಲ್ಲಿ. ಹಾಲು ಸಾಲದೆ ಮಗು ಅತ್ತು ಅತ್ತು ಸೊರಗುತ್ತಿತ್ತು. ಡಾಕ್ಟರು ಡಬ್ಬಿಯ ಹಾಲು ಬರೆದುಕೊಟ್ಟರು. ಬಾಣಂತಿಗೆ ತಾಟೆಯ ಗಸಿ ಬಡಿಸದೆ ಎದೆಹಾಲು ಇಳಿಯುವುದಿಲ್ಲ ಎಂಬುದು ಅಮ್ಮನ ಗಟ್ಟಿ ನಂಬಿಕೆ. ಆದರೆ ಬೋಟುಗಳಿಗೆ ಮಳೆಗಾಲದ ರಜೆ, ಮಾರ್ಕೆಟಿನಲ್ಲಿ ತಾಟೆಯ ಸುಳಿವಿಲ್ಲ. ಸಂಕಟ ಬಂದಾಗ ವೆಂಕಟರಮಣ ಎನ್ನುತ್ತಾರೆ. ಅಮ್ಮ ಹಮೀದಾಕ ಎಂದಳು. ನನಗೂ ಹೇಳದೆ ಪಕ್ಕದ ಮನೆಗೆ ಹೋಗಿ, ಎರಡರಲ್ಲಿ ಒಂದನ್ನು ಕೊಡಿ ಎಂದು ಕೇಳಿಯೇ ಬಿಟ್ಟಳು.

ಸಂಜೆ ಹಮೀದಾಕ ಬಾಲ್ದಿ ಹಿಡಿದುಕೊಂಡು ಬಂದರು. ನೀರಿನೊಳಗೆ ಶಾರ್ಕ್ ಸುರುಳಿಯಾಗಿ ಮಲಗಿತ್ತು. ಅವರು ಅದರ ಕಡೆ ನೋಡಲೇ ಇಲ್ಲ.

"ಮಗುವಿನ ಹೊಟ್ಟೆಗಿಂತ ಹೆಚ್ಚಿಂದು ಎಂತ ಉಂಟು," ಎಂದರು.

ನನಗೆ ಅಳು ತಡೆಯಲಾಗಲಿಲ್ಲ. ಕೈಮುಗಿದು, ಅದನ್ನು ವಾಪಸು ಒಯ್ಯಿರಿ ಎಂದೆ. ಮರುದಿನ ಅವರು ಬೈಕು ಹತ್ತಿ, ಉಳ್ಳಾಲದಿಂದ ಕಡಲ ಬದಿಯುದ್ದಕ್ಕೂ ನಾಡದೋಣಿಯವರನ್ನು ವಿಚಾರಿಸುತ್ತ ಹೋಗಿ, ಎಲ್ಲೋ ಒಂದು ತಾಟೆ ಗಿಟ್ಟಿಸಿಕೊಂಡು ನೆನೆದು ತೊಪ್ಪೆಯಾಗಿ ಬಂದರು. ತಾವು ತಿನ್ನದ ಆ ಮೀನನ್ನು ಶುಚಿ ಮಾಡಿಯೂ ಕೊಟ್ಟರು. ಆ ವಾರವೇ ಹಾಲು ಇಳಿಯಿತು. ಗಸಿಯ ಮಹಿಮೆ ಎಂದಳು ಅಮ್ಮ. ನಾನು ಮಾತ್ರ ಬಾಲ್ದಿಯ ಋಣವೆಂದೇ ತಿಳಿದಿದ್ದೇನೆ.

ಕಳೆದ ವರ್ಷ ಹುಷಾರು ತಪ್ಪಿದಾಗ ಅವರು ಮೀನುಗಳನ್ನು ತೊಟ್ಟಿಸಮೇತ ಮಿಜಾರಿನ ಕಾಲೇಜೊಂದಕ್ಕೆ ಕೊಟ್ಟರು. ಅವರನ್ನು ನೋಡಲು ಮನೆಗೆ ಹೋದಾಗ ನನ್ನ ಬಹುಕಾಲದ ಅನುಮಾನವನ್ನು ಕೇಳಿದೆ: ಅವತ್ತು ನಾನು ಬೇಡವೆನ್ನದಿದ್ದರೆ ನಿಜವಾಗಿಯೂ ಕೊಡುತ್ತಿದ್ದಿರಾ?

"ಕೊಡ್ತಿದ್ದೆ," ಎಂದರು. ತೊಟ್ಟಿಯಿದ್ದ ಗೋಡೆಯ ಕಡೆ ತಿರುಗಿ, "ಆದರೆ ಮತ್ತೆ ನಿಮ್ಮ ಮನೆಯಲ್ಲಿ ಊಟ ಮಾಡ್ಲಿಕ್ಕೆ ನನ್ನಿಂದ ಆಗ್ತಿರಲಿಲ್ಲ ಮಗಳೇ," ಎಂದರು.

ಅದೇ ಕೊನೆಯ ಮಾತು. ಅವರು ತೀರಿಕೊಂಡ ಸುದ್ದಿ ಬಂದಾಗ ನಾವು ತವರಿನಲ್ಲೇ ಇದ್ದೆವು. ಅವತ್ತು ಹಾಲಿಗಾಗಿ ಅತ್ತು, ಈಗ ನನ್ನ ಭುಜದೆತ್ತರಕ್ಕೆ ಬೆಳೆದಿರುವ ಮಗಳು ನನಗಿಂತ ಮೊದಲೇ ಬೇಲಿ ದಾಟಿ ಆಯಿಶಮ್ಮನ ಬಳಿಗೆ ಓಡಿದಳು.