ಅವ್ವನ ಅಂಗೈಯ ಕೆಳಗೆ

೧೯೮೦ರ ದಶಕದಲ್ಲಿ ಅವ್ವನ ಕೈ ನಡುಗತೊಡಗಿದ ಮೇಲೆ ಅವಳ ಲಿಂಗಪೂಜೆಗೆ ನನ್ನ ಕೈ ಬೇಕಾಯಿತು. ದಿನಾ ಬೆಳಿಗ್ಗೆ ಸ್ನಾನ ಮಾಡಿಸಿ ಕೂಡಿಸಿ, ಲಿಂಗ ಹಿಡಿದ ಅವಳ ಎಡ ಅಂಗೈಯ ಕೆಳಗೆ ನನ್ನ ಅಂಗೈ ಕೊಡುತ್ತಿದ್ದೆ. ನೀರೆರೆದ ಲಿಂಗ ಜಾರಿ ಬಿದ್ದರೆ ಅವಳು ಅನ್ನ ನೀರು ಬಿಡುವವಳೇ. ಹಾಗಾಗಿ ಉಸಿರು ಬಿಗಿಹಿಡಿದು ಕೂತಿರುತ್ತಿದ್ದೆ. ಅದು ಮುಗಿಯುವಷ್ಟರಲ್ಲಿ ನಾನು ಪಾಠ ಹೇಳುವ ಶಾಲೆಗೆ ಹೊತ್ತಾಗಿರುತ್ತಿತ್ತು; ರವಿವಾರ ವಾರದ ಮನೆಗೆಲಸವೆಲ್ಲ ಕಾದಿರುತ್ತಿತ್ತು. ನನ್ನ ಲಿಂಗ ಪೂಜೆಯಿಲ್ಲದೆ ಕೊರಳಲ್ಲೇ ಉಳಿಯುತ್ತಿತ್ತು.

ಜೇವರ್ಗಿಯಲ್ಲಿದ್ದ ತಮ್ಮ ತಿಂಗಳಿಗೊಮ್ಮೆ ಆಳಂದಕ್ಕೆ ನಮ್ಮನ್ನು ನೋಡಲು ಬರುತ್ತಿದ್ದ. ತನ್ನ ಪೂಜೆ ಸಾವಕಾಶ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ನಗುತ್ತ ಏಳುತ್ತಿದ್ದ. ಒಂದು ರವಿವಾರ ಅಂದ:

“ಪೂಜಾ ಮಾಡಿದ್ರ ಜೀವಕ್ಕ ಎಷ್ಟು ಆರಾಮ ಅನಸ್ತದ, ಅಕ್ಕಾ. ನೀ ಯಾಕ ಯಾವಾಗ್ಲೂ ಮಾರಿ ಬಿಗದ್ಕೊಂಡೇ ಇರ್ತಿ?”

ನನಗೆ ಮೈಯೆಲ್ಲ ಉರಿಯಿತು. “ಹಂಗಾದ್ರ ಇವತ್ತ ಅವ್ವನ ಕೈ ನೀ ಹಿಡಿ. ನಾ ನನ್ನ ಪೂಜಾ ಮಾಡ್ಕೋತೇನಿ” ಅಂದೆ.

ಅವನು ಹಿಡಿದ. ಹಿಡಿದುಕೊಂಡೇ ಬಾಗಿಲಾಚೆ ಹೋಗುವವರನ್ನು ಮಾತಾಡಿಸಿದ. ಮಗ ಕೈ ಹಿಡಿದನೆಂದು ಅವ್ವನ ಮುಖ ಅರಳಿತ್ತು. ಲಿಂಗ ಬೀಳಲಿಲ್ಲ.

ಎಷ್ಟೋ ತಿಂಗಳ ಮೇಲೆ ನನ್ನ ಲಿಂಗ ನನ್ನ ಅಂಗೈಗೆ ಬಂದಿತ್ತು. ಪೂಜೆ ಮುಗಿಯುವ ತನಕ ನನ್ನ ಕಣ್ಣು ಮಾತ್ರ ಅವನ ಕೈಯ ಮೇಲೇ ಇತ್ತು.