ಭಾವನ ಚೌಕಳಿ ಕೋಟು

ಗದ್ದದಣ್ಣನಿಗೆ ಆ ಹೆಸರು ಬರಲು ಅವನ ಗದ್ದ ಕಾರಣವಲ್ಲ. ಅದು ಎಲ್ಲರ ಗದ್ದದಂತೆ ಬಾಯಿಯ ಕೆಳಗೆ ತನ್ನ ಪಾಡಿಗೆ ತಾನಿದೆ. ಕಾರಣ ಬೇರೆಯವರ ಗದ್ದ. ಕ್ಯಾಮೆರಾ ಕೈಗೆ ಬಂದಾಗಿನಿಂದ ಎದುರು ಕೂತ ಒಬ್ಬರನ್ನೂ ಅವನು "ಗದ್ದ ಸ್ವಲ್ಪ ಮೇಲೆ" ಅನ್ನದೆ ಬಿಟ್ಟಿಲ್ಲ. ಹೊಟ್ಟೆಪಾಡಿಗೆ ವಿದ್ಯುತ್ ಕಚೇರಿಯಲ್ಲಿ ಕೆಟ್ಟ ಮೀಟರುಗಳನ್ನು ಬಿಚ್ಚಿ ಜೋಡಿಸುತ್ತಾನೆ. ಅಲ್ಲಿಯೂ ಮೀಟರನ್ನು ಕಿಟಕಿಯ ಬೆಳಕಿಗೆ ಹಿಡಿದು ಕತ್ತು ಓರೆ ಮಾಡಿ ನೋಡುವುದುಂಟು. ಮೀಟರಿಗೊಂದು ಗದ್ದವಿದ್ದಿದ್ದರೆ ಅದನ್ನೂ ಎತ್ತಿಸುತ್ತಿದ್ದ ಎಂದು ಜೊತೆಯವರು ಆಡಿಕೊಳ್ಳುತ್ತಾರೆ.

"ನಾನು ಹವ್ಯಾಸಿ ಛಾಯಾಗ್ರಾಹಕ" ಎಂದು ಅವನು ಹೇಳುವುದನ್ನು ಕೇಳಬೇಕು. ಬೇರೆಯವರು "ನಾನು ಹೃದಯದ ಸರ್ಜನ್" ಎಂದು ಹೇಳುವಾಗ ಕೂಡ ಅಷ್ಟು ತಗ್ಗಿದ ದನಿ ಬಳಸುವುದಿಲ್ಲ.

ಈ ವರ್ಷ ಅವನ ತಗ್ಗಿದ ದನಿಗೆ ಒಂದು ಆಧಾರ ಸಿಕ್ಕಿತು. ಗ್ರಂಥಾಲಯದ ಮಹಡಿಯ ಹಾಲಿಗೆ ಹೊಸದಾಗಿ ಸುಣ್ಣ ಹೊಡೆಸಿದ್ದರು. ಒಂದು ವಾರ ಅವನ ಫೋಟೋಗಳನ್ನು ಅಲ್ಲಿ ತೂಗುಹಾಕಬಹುದು ಎಂದು ಸಮಿತಿ ತೀರ್ಮಾನಿಸಿತು. ಸುದ್ದಿ ತಿಳಿದು ಕಾಲೇಜಿನ ಕ್ಯಾಮೆರಾ ಕ್ಲಬ್ಬಿನ ಹುಡುಗ ಹುಡುಗಿಯರು ಅವನ ಮನೆಗೆ ಬಂದರು. ಅವರು ಕೇಳುವ ಮೊದಲೇ, ಕೇಳಿದರೆಂಬಂತೆ, ಅವನು ತನ್ನ ಆರಂಭದ ದಿನಗಳ ಚಿತ್ರಗಳನ್ನು ಚಾಪೆಯ ಮೇಲೆ ಹರಡಿದ. ಗೆಳೆಯರನ್ನು ಕೂರಿಸಿ ತೆಗೆದ ಕಪ್ಪು ಬಿಳುಪು ಚಿತ್ರಗಳು. ಎಲ್ಲರೂ ಕೋಟು ಹಾಕಿದ್ದರು, ಎಲ್ಲರ ಗದ್ದವೂ ಮೇಲಿತ್ತು.

ಕನ್ನಡಕದ ಹುಡುಗಿಯೊಬ್ಬಳು ಬಗ್ಗಿ ನೋಡಿ, "ಸರ್, ಈ ಕೈ..." ಎಂದಳು.

ಹೆಚ್ಚಿನ ಚಿತ್ರಗಳಲ್ಲಿ ಕೂತವನ ಬಲಗೈ ಹೊಟ್ಟೆಯ ಮೇಲೆ, ಕೋಟಿನ ನಟ್ಟನಡುವೆ, ಹಗುರವಾಗಿ ಕೂತಿತ್ತು.

"ಎಲ್ಲರದ್ದೂ ಒಂದೇ ಜಾಗದಲ್ಲಿದೆ. ಇದು ನಿಮ್ಮ ಶೈಲಿನಾ ಸರ್?"

ಗದ್ದದಣ್ಣ ಕಿಟಕಿಯ ಕಡೆ ನೋಡಿದ. ಎಷ್ಟು ಹೊತ್ತು ಸುಮ್ಮನಿದ್ದರೆ ಮಾತಿಗೆ ತೂಕ ಬರುತ್ತದೆ ಎನ್ನುವುದು ಅವನಿಗೆ ಚೆನ್ನಾಗಿ ಗೊತ್ತು. "ಮುಖ ಸುಳ್ಳು ಹೇಳುತ್ತೆ ಕಣಮ್ಮ. ಕೈಗೆ ಅದು ಬರಲ್ಲ" ಎಂದ.

ಹುಡುಗಿ ಅದನ್ನು ಬರೆದುಕೊಂಡಳು. ಮರುವಾರದಿಂದ ಕ್ಲಬ್ಬಿನವರೆಲ್ಲ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಒಬ್ಬರ ಫೋಟೋ ಒಬ್ಬರು ತೆಗೆಯತೊಡಗಿದರು. ಕಾಲೇಜಿನ ಕ್ಯಾಂಟೀನಿನವನು ಎರಡು ದಿನ ಎಣ್ಣೆ ಬದಲಾಯಿಸಿ ನೋಡಿದ.

ಆ ಕೈಯ ನಿಜವಾದ ಕಥೆ ಬೇರೆ. ಅದು ಆ ಚಿತ್ರಗಳನ್ನು ತೆಗೆದ ದಿನ ಕೋಣೆಯಲ್ಲಿದ್ದವರಿಗೆ ಮಾತ್ರ ಗೊತ್ತು.

ಗದ್ದದಣ್ಣನಿಗೆ ಆಗ ಮೀಸೆ ಸರಿಯಾಗಿ ಬಂದಿರಲಿಲ್ಲ, ಅಭಿಪ್ರಾಯಗಳು ಬಂದಿದ್ದವು. ಯಾರೋ ಬಳಸಿ ಬಿಟ್ಟ ಕ್ಯಾಮೆರಾ ಒಂದು ಸಿಕ್ಕಿತ್ತು. ಅವನಿದ್ದದ್ದು ಅಕ್ಕ ಭಾವನ ಮನೆಯಲ್ಲಿ. ಆ ಮನೆಯ ಮಹಡಿ ಕೋಣೆಗೆ ಒಂದು ದೊಡ್ಡ ಕಿಟಕಿ. ಭಾನುವಾರ ಬೆಳಿಗ್ಗೆ ಭಾವ ಗ್ರಂಥಾಲಯಕ್ಕೆ ಹೋಗಿ ಅಲ್ಲಿರುವ ಎಲ್ಲ ಪತ್ರಿಕೆಗಳನ್ನೂ, ವರ್ಗಾವಣೆಯ ಸುದ್ದಿಗಳನ್ನೂ ಬಿಡದೆ, ಓದಿ ಮುಗಿಸಿ ಮಧ್ಯಾಹ್ನದ ಊಟಕ್ಕೆ ಬರುತ್ತಿದ್ದರು. ಅಷ್ಟರೊಳಗೆ ಗೋಡೆಗೆ ಹೊದಿಕೆ ಬಿಗಿದು, ಸ್ಟೂಲು ಹಾಕಿ, ಸ್ಟುಡಿಯೋ ತೆರೆದು ಮುಚ್ಚಬೇಕಿತ್ತು.

ಕೂರಲು ಮೂವರು ಗೆಳೆಯರು. ಆಸ್ಪತ್ರೆಯಲ್ಲಿ ಔಷಧಿ ಕಟ್ಟಿಕೊಡುತ್ತಿದ್ದ ಕಾಂಪೌಂಡರ್, ಇನ್ನೂ ಕಾಜಾ ಹೊಲಿಯುವುದನ್ನೇ ಕಲಿಯುತ್ತಿದ್ದ ಟೇಲರ್, ಮತ್ತೆ ಸೈಕಲ್ ಶಾಪಿನವನು. ಮೂವರೂ ಹಾಕಿಕೊಂಡು ಬಂದದ್ದು ದಿನವೂ ಹಾಕುವ ಅಂಗಿ. ಅದನ್ನು ನೋಡಿ ಕಲಾವಿದ ತಲೆ ಕೊಡವಿದ.

"ಇದರಲ್ಲಿ ಗಾಂಭೀರ್ಯ ಇಲ್ಲ."

"ಗಾಂಭೀರ್ಯ ಬೇಕಿದ್ರೆ ನಮ್ಮ ಡಾಕ್ಟರನ್ನ ಕೂರಿಸ್ಕೋ" ಎಂದ ಕಾಂಪೌಂಡರ್. "ನಾನು ಬರೀ ಕಾಂಪೌಂಡರು."

ಗಾಂಭೀರ್ಯ ಇದ್ದದ್ದು ಅಕ್ಕನ ಬೀರುವಿನಲ್ಲಿ, ನುಸಿಗುಳಿಗೆಗಳ ನಡುವೆ. ಭಾವನ ಚೌಕಳಿ ಕೋಟು. ಬ್ಯಾಂಕಿನಲ್ಲಿ ಮ್ಯಾನೇಜರ್ ಆದವರ ಫೋಟೋಗಳನ್ನು ಸಾಲಾಗಿ ಗೋಡೆಗೆ ಹಾಕುವ ಪದ್ಧತಿಯಿತ್ತು. ಆ ಸಾಲಿನಲ್ಲಿ ಕೂರುವ ದಿನಕ್ಕೆಂದು ಭಾವ ಗುಮಾಸ್ತರಾಗಿದ್ದಾಗಲೇ ಹೊಲಿಸಿಟ್ಟ ಕೋಟು ಅದು. ಬಟ್ಟೆಯ ಅಂಗಡಿಯಲ್ಲಿ ಉಳಿದಿದ್ದ ಕೊನೆಯ ತುಂಡನ್ನು ತಾವೇ ಆರಿಸಿದ್ದೆಂದು, ಇಂಥದು ಇನ್ನೊಂದು ಎಲ್ಲೂ ಇಲ್ಲವೆಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಹಾಕಿಕೊಂಡಿರಲಿಲ್ಲ. ಪ್ರಮೋಷನ್ ಬರಲಿ ಎಂದು ಕಾಯುತ್ತಿದ್ದರು.

"ಬೀರುವಿನಲ್ಲಿ ಹೇಗಿತ್ತೋ ಹಾಗೇ ವಾಪಸ್ ಬರಬೇಕು ನೋಡು" ಎಂದು ಹೇಳಿ ಅಕ್ಕ ಕೋಟು ಕೊಟ್ಟಳು. ತಮ್ಮ ಏನು ಕೇಳಿದರೂ ಕೊಡುವುದು, ಕೊಟ್ಟ ಮೇಲೆ ಬೈಯುವುದು ಅವಳ ಕ್ರಮ.

ಕಾಂಪೌಂಡರ್ ಕಡ್ಡಿಯಂತಿದ್ದ. ಕೋಟಿನೊಳಗೆ ಅವನ ಜೊತೆಗೆ ಇನ್ನೊಬ್ಬ ಕಾಂಪೌಂಡರ್ ಇರಬಹುದಿತ್ತು. ಅಕ್ಕ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ತಂದು ಹಿಂದುಗಡೆ ಸಾಲಾಗಿ ಸಿಕ್ಕಿಸಿದಳು. ಎದುರಿನಿಂದ ನೋಡಿದರೆ ಜಿಲ್ಲಾ ಮಟ್ಟದ ಅಧಿಕಾರಿ, ಹಿಂದಿನಿಂದ ನೋಡಿದರೆ ಒಗೆದು ಹಾಕಿದ ಬಟ್ಟೆ. ಟೇಲರನದೂ ಹಾಗೆಯೇ ಆಯಿತು.

ಸೈಕಲ್ ಶಾಪಿನವನದು ಉಲ್ಟಾ ಸಮಸ್ಯೆ. ಗಾಳಿ ಹೊಡೆದು ಹೊಡೆದು ಅವನ ಎದೆ ಅಗಲವಾಗಿತ್ತು. ಉಸಿರೆಳೆದುಕೊಂಡು ಹೇಗೋ ಗುಂಡಿ ಹಾಕಿದ.

"ಉಸಿರು ಬಿಡಬೇಡ. ಗದ್ದ ಸ್ವಲ್ಪ ಮೇಲೆ. ಇನ್ನೂ ಸ್ವಲ್ಪ. ಈಗ ನಿನ್ನ ಜೀವನದ ಬಗ್ಗೆ ಯೋಚನೆ ಮಾಡು."

"ಬೇಗ ಒತ್ತೋ" ಎಂದ ಅವನು ಹಲ್ಲುಗಳ ನಡುವಿನಿಂದ. "ಜೀವನವೇ ಮುಗಿಯೋ ಹಾಗಿದೆ."

ಪಕ್ಕದಲ್ಲಿದ್ದ ಕಾಂಪೌಂಡರ್ ನಕ್ಕ. ಅದನ್ನು ಕೇಳಿ ಕೂತವನೂ ನಕ್ಕ. ನಡುವಿನ ಗುಂಡಿ ಸಿಡಿದು, ಗೋಡೆಗೆ ಬಡಿದು, ನೆಲದ ಮೇಲೆ ನಿಧಾನವಾಗಿ ಉರುಳಿ, ಮೂಲೆಯಲ್ಲಿ ನೀರು ಹೋಗಲು ಬಿಟ್ಟ ತೂತಿನೊಳಗೆ ಇಳಿಯಿತು. ಕೆಳಗೆ ಚರಂಡಿಯಲ್ಲಿ ಕೋಲು ಹಾಕಿ ಎಷ್ಟು ಕೆದಕಿದರೂ ಸಿಗಲಿಲ್ಲ. ಅಂಥ ಗುಂಡಿ ಊರಿನಲ್ಲೇ ಇಲ್ಲ ಎಂದು ಟೇಲರ್ ತನ್ನ ಆಗಿನ ಅನುಭವದ ಆಧಾರದ ಮೇಲೆ ಸಾರಿದ.

ಕೊನೆಗೆ ಮಾತಾಡಿದವಳು ಅಕ್ಕ.

"ಹೋಗಿದ್ದು ಹೋಯ್ತು. ಇನ್ನು ಯಾರು ಕೂತರೂ ಅಲ್ಲೊಂದು ಕೈ ಇಟ್ಕೊಳ್ಳಲಿ. ಕಾಣಲ್ಲ."

ಹಾಗೆ ಗದ್ದದಣ್ಣನ ಶೈಲಿ ಹುಟ್ಟಿತು.

ಪ್ರಮೋಷನ್ ಬಂತು. ಆದರೆ ಹೊಟ್ಟೆ ಅದಕ್ಕಿಂತ ಮೊದಲೇ ಬಂದು ಕೂತಿತ್ತು. ಭಾವ ಬೀರು ತೆಗೆದು ಕೋಟು ಹಾಕಿಕೊಳ್ಳಲು ಹೋದರೆ ಎರಡು ಕಡೆಯೂ ಕೂಡಲಿಲ್ಲ. ಆ ಹೊತ್ತಿಗೆ ಗುಂಡಿ ಇಲ್ಲದ್ದು ಕಣ್ಣಿಗೆ ಬಿತ್ತು. ಹೊಟ್ಟೆಯನ್ನು ಬೈಯುವಂತಿಲ್ಲವಲ್ಲ, ಗುಂಡಿ ಒದಗಿಬಂತು. "ಗುಂಡಿ ಇಲ್ಲದ ಕೋಟು ಹಾಕ್ಕೊಂಡು ಮ್ಯಾನೇಜರ್ ಫೋಟೋಗೆ ಕೂರಕ್ಕಾಗುತ್ತಾ?" ಎಂದರು. ಬೇರೆ ಕೋಟಿನಲ್ಲಿ ಕೂರಲು ಒಪ್ಪಲಿಲ್ಲ. ಬ್ಯಾಂಕಿನ ಗೋಡೆಯ ಸಾಲಿನಲ್ಲಿ ಅವರ ಜಾಗಕ್ಕೆ ಕ್ಯಾಲೆಂಡರ್ ಬಂತು. ಅಲ್ಲಿಂದಾಚೆಗೆ ಮನೆಯಲ್ಲಿ ಬೀಗದಕೈ ಕಾಣದಿರಲಿ, ಕನ್ನಡಕ ಕಾಣದಿರಲಿ, "ಗುಂಡಿ ಕಳೆದ ಮನೆ ತಾನೇ ಇದು" ಎಂಬ ಮಾತು ತಪ್ಪಲಿಲ್ಲ. ಅಕ್ಕ ಒಗ್ಗರಣೆಯ ಚಟಪಟದಲ್ಲಿ ಅದು ಕೇಳಿಸದಂತೆ ಇರುತ್ತಿದ್ದಳು. ತಮ್ಮನ ಹೆಸರು ಹೇಳಲಿಲ್ಲ.

ಈಗ ಭಾವ ನಿವೃತ್ತರು. ಗ್ರಂಥಾಲಯ ಸಮಿತಿಯ ಅಧ್ಯಕ್ಷರು. ಗೋಡೆ ಏರುವ ಪ್ರತಿಯೊಂದು ಚಿತ್ರವನ್ನೂ ಅಧ್ಯಕ್ಷರು ಮೊದಲೇ ನೋಡಿ ಒಪ್ಪಬೇಕು ಎಂಬುದು ಸಮಿತಿಯ ನಿಯಮ. ನಿಯಮ ಮಾಡಿದವರೂ ಅಧ್ಯಕ್ಷರೇ.

ಅಕ್ಕ ತಮ್ಮನನ್ನು ಅಡುಗೆಮನೆಗೆ ಕರೆದಳು.

"ಬೇರೆ ಫೋಟೋ ಇಡೋ. ಆ ಹೂವು, ಹಕ್ಕಿ, ಕೆರೆ ಎಲ್ಲಾ ಇದೆಯಲ್ಲ."

"ಅಕ್ಕಾ, ಇವು ನನ್ನ ಆರಂಭದ ಕೆಲಸ. ಇವು ಇಲ್ಲದೆ ಇದ್ರೆ ನಾನು ಎಲ್ಲಿಂದ ಬಂದೆ ಅಂತ ಜನಕ್ಕೆ ಹೇಗೆ ಗೊತ್ತಾಗಬೇಕು?"

"ಜನ ಕೇಳಿದಾರಾ?"

"ಕೇಳ್ತಾರೆ. ನೀನು ಹೆದರಬೇಡ. ನೋಡೋರು ಕಣ್ಣು ನೋಡ್ತಾರೆ, ಬೆಳಕು ನೋಡ್ತಾರೆ. ಕೋಟು ಯಾರು ನೋಡ್ತಾರೆ?"

ಹೇಳುವಾಗ ಅವನಿಗೆ ಪೂರ್ತಿ ಧೈರ್ಯವಿತ್ತು. ಆದರೆ ಚಿತ್ರಗಳನ್ನು ದೊಡ್ಡದು ಮಾಡಿಸಿ ತಂದು ಅಕ್ಕನ ಮನೆಯ ಊಟದ ಮೇಜಿನ ಮೇಲೆ ಜೋಡಿಸಿದಾಗ ಒಂದು ಸಣ್ಣ ತೊಡಕು ಕಂಡಿತು. ಅವನ ಫೋಕಸ್ ಆ ಕಾಲದಲ್ಲೇ ಬಹಳ ಚೂಪು. ಕೋಟಿನ ಒಂದೊಂದು ಎಳೆಯೂ ಎದ್ದು ಕಾಣುತ್ತಿತ್ತು. ಮೊದಲ ಸಲ ಅವನು, ಇಷ್ಟು ಚೆನ್ನಾಗಿ ತೆಗೆಯಬಾರದಿತ್ತು ಅಂದುಕೊಂಡ. ಆಗಲೂ ಒಳಗೊಳಗೆ ಹೆಮ್ಮೆಯೇ ಆಯಿತು.

ಭಾವ ಬಂದು ಕೂತು ಕನ್ನಡಕ ಒರೆಸಿಕೊಂಡರು. ಮೊದಲನೆಯ ಚಿತ್ರ ನೋಡಿದರು.

"ಈ ಕಾಂಪೌಂಡರಿಗೆ ಇಂಥ ಕೋಟು ಎಲ್ಲಿತ್ತು?"

"ಆಗ ಎಲ್ಲರೂ ಹಾಕ್ತಿದ್ರು ಭಾವ. ಅದೇ ಫ್ಯಾಷನ್."

ಎರಡನೆಯದು ನೋಡಿದರು. ಮೂರನೆಯದು ನೋಡಿದರು. ಜೀವಮಾನವೆಲ್ಲ ಸಹಿಗೆ ಸಹಿ ತಾಳೆ ನೋಡಿದ ಮನುಷ್ಯ. ಚಿತ್ರಗಳನ್ನು ಒಂದೊಂದಾಗಿ ಎತ್ತಿ ಎರಡು ಕಡೆ ಇಡತೊಡಗಿದರು.

"ಇದರಲ್ಲಿ ಗುಂಡಿ ಇದೆ" ಎಂದು ಎಡಕ್ಕಿಟ್ಟರು. "ಇದರಲ್ಲಿ ಕೈ ಇದೆ" ಎಂದು ಬಲಕ್ಕಿಟ್ಟರು. "ಇದರಲ್ಲಿ ಗುಂಡಿ. ಇದರಲ್ಲಿ ಕೈ. ಇದರಲ್ಲೂ ಕೈ."

ಗದ್ದದಣ್ಣನಿಗೆ ಗ್ರಂಥಾಲಯದ ಹಾಲ್, ಸುಣ್ಣ ಬಳಿದ ಗೋಡೆ, ಕನ್ನಡಕದ ಹುಡುಗಿ ಎಲ್ಲವೂ ದೂರ ದೂರ ಹೋಗುವುದು ಕಂಡಿತು. "ಭಾವ, ಕಲೆಯ ದೃಷ್ಟಿಯಿಂದ..." ಎಂದು ಶುರುಮಾಡಿದ.

"ನೀನು ಸುಮ್ನಿರು" ಎಂದು ಅಕ್ಕ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು. "ಕೋಟು ಕೊಟ್ಟಿದ್ದು ನಾನು ರೀ. ಕೈ ಇಡಕ್ಕೆ ಹೇಳಿದ್ದೂ ನಾನೇ. ಬೀರುವಿನಲ್ಲಿ ನುಸಿಗುಳಿಗೆ ಕಾಯ್ಕೊಂಡು ಏನು ಮಾಡ್ತಿತ್ತು ಅದು? ನಾಲ್ಕು ಜನರ ಮೈಮೇಲಾದರೂ ಬಂತು."

ಭಾವ ಬೈಯುತ್ತಾರೆಂದು ಇಬ್ಬರೂ ಕಾದರು. ಅವರು ಸೈಕಲ್ ಶಾಪಿನವನ ಚಿತ್ರವನ್ನು ಎತ್ತಿ ಕನ್ನಡಕದ ಹತ್ತಿರ ತಂದುಕೊಂಡರು.

"ಚೆನ್ನಾಗಿ ಕಾಣುತ್ತೆ ಕೋಟು" ಎಂದರು ಕೊನೆಗೆ. ಒಂದೊಂದು ಚಿತ್ರವನ್ನೂ ಮುಟ್ಟಿದರು. "ಪಂಕ್ಚರ್ ಹಾಕೋನು ಇದನ್ನ ಹಾಕ್ಕೊಂಡು ಫೋಟೋ ತೆಗೆಸ್ಕೊಂಡಿದಾನೆ. ಮಾತ್ರೆ ಕಟ್ಟೋನು ತೆಗೆಸ್ಕೊಂಡಿದಾನೆ. ಹೊಲಿಸಿದೋನದ್ದು ಒಂದಾದರೂ ಇದೆಯಾ?"

ಉತ್ತರ ಎಲ್ಲರಿಗೂ ಗೊತ್ತಿತ್ತು.

"ಇದ್ರೆ ಎಲ್ಲಾ ಇರಲಿ. ಮಧ್ಯದಲ್ಲಿ ನಂದಿರಬೇಕು. ಕೋಟು ತೆಗಿ" ಎಂದರು ಅಕ್ಕನಿಗೆ.

ಟೇಲರನನ್ನು ಕರೆಸಿದರು. ಈಗ ಅವನ ಕೈಕೆಳಗೆ ನಾಲ್ಕು ಮೆಷಿನ್ನು ಓಡುತ್ತವೆ. ಅವನು ಟೇಪನ್ನು ಭಾವನ ಸುತ್ತ ಒಮ್ಮೆ ತಂದು, ಅಳತೆ ಬಾಯಿಬಿಟ್ಟು ಹೇಳದೆ, ಮಡಿಸಿ ಜೇಬಿಗಿಟ್ಟ.

"ಬೆನ್ನ ಹೊಲಿಗೆ ಪೂರ್ತಿ ಬಿಚ್ಚಬೇಕು ಸರ್. ಹಿಂದೆ ಸೇರಲ್ಲ. ಮುಂದೆ ಮಾತ್ರ ಕೋಟು."

"ಹಿಂದೆ ಯಾರು ನೋಡ್ತಾರೆ?" ಎಂದಳು ಅಕ್ಕ. "ಆಗ ಕ್ಲಿಪ್ ಹಾಕಿದ್ವಿ, ಈಗ ಬಿಚ್ಚಿದ್ರಾಯ್ತು."

"ಅಂಥದೇ ಗುಂಡಿ ಒಂದು ಹುಡುಕಿ ಹಾಕಿಬಿಡಲಾ?" ಎಂದ ಟೇಲರ್.

"ಬೇಡ" ಎಂದರು ಭಾವ. "ಹಾಕಿದ್ರೆ ಇದು ಬೇರೆ ಕೋಟು ಅಂತಾರೆ ಜನ."

ಭಾನುವಾರ ಬೆಳಿಗ್ಗೆ ಮಹಡಿ ಕೋಣೆಯಲ್ಲಿ ಅದೇ ಕಿಟಕಿಯ ಎದುರು ಸ್ಟೂಲು ಹಾಕಿದರು. ಭಾವನ ತೂಕ ನೋಡಿ ಸ್ಟೂಲು ತೆಗೆದು ಕುರ್ಚಿ ಹಾಕಿದರು. ಸೈಕಲ್ ಶಾಪಿನವನೂ ಕಾಂಪೌಂಡರೂ ಹಿಂದೆ ಹೊದಿಕೆಯ ಎರಡು ತುದಿ ಹಿಡಿದು ನಿಂತರು. ಅವರಿಗೆ ಕಂಡದ್ದು ಬಾಯಿಬಿಟ್ಟ ಕೋಟಿನ ನಡುವಿನಿಂದ ಇಣುಕುವ ಬನಿಯನ್ನು ಮಾತ್ರ. ಕಾಂಪೌಂಡರ್ ತುಟಿ ಕಚ್ಚಿಕೊಂಡ. ಈ ಕೋಣೆಯಲ್ಲಿ ನಕ್ಕರೆ ಏನಾಗುತ್ತದೆ ಎಂದು ಅವನಿಗೆ ಗೊತ್ತು.

ಗದ್ದದಣ್ಣ ಬೆಳಕು ನೋಡಿದ, ಒಂದು ಹೆಜ್ಜೆ ಹಿಂದೆ ಸರಿದ. "ಕೈ ಇಲ್ಲಿಡಿ ಭಾವ" ಎಂದು ತನ್ನ ಹೊಟ್ಟೆ ತೋರಿಸಿದ.

"ಯಾಕೆ?"

"ಅದು ನನ್ನ ಶೈಲಿ."

"ಕೋಟು ನಂದು. ನಾನ್ಯಾಕೆ ಮುಚ್ಕೊಳ್ಳಲಿ?"

"ಸರಿ, ಗದ್ದ ಸ್ವಲ್ಪ ಮೇಲೆ."

"ಮ್ಯಾನೇಜರ್ ಗದ್ದ ಎಲ್ಲಿರಬೇಕು ಅಂತ ನನಗೆ ಗೊತ್ತು. ನೀನು ಒತ್ತು."

ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟು, ಗುಂಡಿ ಇರಬೇಕಾದ ಜಾಗದಲ್ಲಿ ಎದ್ದು ನಿಂತ ನಾಲ್ಕು ದಾರದ ತುಣುಕುಗಳನ್ನು ಲೋಕಕ್ಕೆ ತೋರಿಸುತ್ತ ಭಾವ ಕೂತರು. ಗದ್ದದಣ್ಣ ಒತ್ತಿದ. ಬಾಗಿಲಲ್ಲಿ ನಿಂತಿದ್ದ ಅಕ್ಕನ ಕಡೆ ತಿರುಗಿ ಭಾವ ಸಣ್ಣ ದನಿಯಲ್ಲಿ ಹೇಳಿದರು.

"ಇನ್ಮೇಲೆ ಗುಂಡಿ ವಿಷಯ ಎತ್ತಲ್ಲ ಕಣೆ."

"ಎತ್ತಿ ಬೇಕಾದ್ರೆ" ಎಂದಳು ಅಕ್ಕ. "ಈಗ ನನ್ನ ಹತ್ರಾನೂ ಮಾತಿದೆ."

ಪ್ರದರ್ಶನದ ಉದ್ಘಾಟನೆಯ ಸಂಜೆ ಹಾಲ್ ತುಂಬಿತ್ತು. ನಡುಗೋಡೆಯಲ್ಲಿ ಭಾವ, ಅವರ ಎರಡೂ ಕಡೆ ಅವರ ಕೋಟು ತೊಟ್ಟ ಗೆಳೆಯರು. ಕನ್ನಡಕದ ಹುಡುಗಿ ಆ ದೊಡ್ಡ ಚಿತ್ರದ ಮುಂದೆ ನಿಂತುಬಿಟ್ಟಳು.

"ಸರ್, ಇದರಲ್ಲಿ ಕೈ ಇಲ್ಲವಲ್ಲ?"

ಗದ್ದದಣ್ಣ ಕಿಟಕಿಯ ಕಡೆ ನೋಡಿದ. ಬೇಕಾದಷ್ಟೇ ಹೊತ್ತು ನೋಡಿದ.

"ಅದು ನನ್ನ ಎರಡನೇ ಘಟ್ಟ" ಎಂದ.

ಹುಡುಗಿ ಬರೆದುಕೊಂಡಳು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೂವಿನ ಫೋಟೋಗಳ ಕಡೆ ನಡೆದಳು.

ಒಂದು ವಿಷಯ ಮಾತ್ರ ಯಾರೂ ಮೊದಲೇ ಯೋಚಿಸಿರಲಿಲ್ಲ. ಭಾವ ಸಮಾರಂಭಕ್ಕೆ ಅದೇ ಕೋಟು ತೊಟ್ಟು ಬಂದಿದ್ದರು. ಎಲ್ಲರಿಗಿಂತ ಮೊದಲೇ ಬಂದು ತಮ್ಮ ಚಿತ್ರದ ಪಕ್ಕ ಗೋಡೆಗೆ ಬೆನ್ನು ಹಚ್ಚಿ ನಿಂತವರು ಭಾಷಣ ಮುಗಿದರೂ, ಚಹಾ ಬಂದರೂ ಕದಲಲಿಲ್ಲ. ಅಧ್ಯಕ್ಷರು ಕುರ್ಚಿಯನ್ನೂ ಬಯಸದೆ ನಿಂತೇ ಇದ್ದಾರೆ, ಎಷ್ಟು ಸರಳ ಮನುಷ್ಯ ಎಂದು ಜನ ಮಾತಾಡಿಕೊಂಡರು. ಹಾಲ್ ಖಾಲಿಯಾಗುತ್ತ ಬಂತು. ಇಳಿದು ಹೋಗಬೇಕಾದ ಮೆಟ್ಟಿಲ ಮೇಲೆ ಇನ್ನೂ ಜನರಿದ್ದರು. ಭಾವ ಗೆಳೆಯರ ಕಡೆ ಒಮ್ಮೆ ನೋಡಿದರು.

ಕಾಂಪೌಂಡರ್, ಟೇಲರ್, ಸೈಕಲ್ ಶಾಪಿನವನು ಮೂವರೂ ಬಂದು ಅವರ ಬೆನ್ನಿಗೆ ಒತ್ತಾಗಿ ನಿಂತರು. ಆ ಕೋಟಿನ ಮುಂಭಾಗ ಒಂದು ಕಾಲದಲ್ಲಿ ಅವರನ್ನು ಕಾಪಾಡಿತ್ತು, ಈಗ ಅದರ ಹಿಂಭಾಗವನ್ನು ಅವರು ಕಾಪಾಡಬೇಕಾಗಿತ್ತು. ನಾಲ್ವರೂ ಒಂದೇ ಗುಂಪಾಗಿ ಮೆಟ್ಟಿಲಿಳಿಯತೊಡಗಿದರು. ಕೆಳಗೆ ಕ್ಯಾಮೆರಾ ಹಿಡಿದು ಗದ್ದದಣ್ಣ ನಿಂತಿದ್ದ.

"ಭಾವ" ಎಂದ ಅವನು, "ಗದ್ದ ಸ್ವಲ್ಪ ಮೇಲೆ."

ಈ ಸಲ ಭಾವ ಎತ್ತಿದರು.